ಆಮೆ ಟ್ಯಾಂಕಿನ ಪಾಚಿ ಜೊತೆ 72 ದಿನ

"ಅಪ್ಪಾ, ಗುಂಡಮ್ಮ ಟ್ಯಾಂಕಲ್ಲಿ ಇಲ್ಲ!" ಅಂತ ಮಗಳು ಕೂಗಿದಾಗ ನಾನು ಸೋಫಾದ ಕೆಳಗೆಲ್ಲ ಹುಡುಕಿದೆ. ನಮ್ಮ ಆಮೆ ಗುಂಡಮ್ಮ ಟ್ಯಾಂಕಿನಲ್ಲೇ ಇದ್ದಳು. ಗಾಜಿನಿಂದ ಒಂದು ಗೇಣು ಹಿಂದೆ ಇದ್ದಳು, ಅದಕ್ಕೇ ಕಾಣಿಸಿರಲಿಲ್ಲ. ನೀರು ಅಷ್ಟು ಹಸಿರಾಗಿತ್ತು.

ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಅದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಹಾಕಿದ್ದೇನೆ. ತಪ್ಪುಗಳನ್ನು ತೆಗೆದಿಲ್ಲ. ಮೊದಲ 24 ದಿನದಲ್ಲಿ ತಪ್ಪು ಬಿಟ್ಟರೆ ಬೇರೇನೂ ಇಲ್ಲ.

ಟ್ಯಾಂಕಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಗಾಜಿನ ಟ್ಯಾಂಕ್, ಒಳಗಿನ ಅಳತೆ 120 x 45 x 45 ಸೆಂ.ಮೀ. ನೀರು 35 ಸೆಂ.ಮೀ. ಎತ್ತರಕ್ಕೆ. ಅಂದರೆ 189 ಲೀಟರ್. ಕಲ್ಲು, ಆಮೆ ನೀರಿನಿಂದ ಹತ್ತಿ ಕೂರುವ ಕಟ್ಟೆ ಕಳೆದರೆ ಹತ್ತಿರ ಹತ್ತಿರ 180. ಒಳಗಿರುವುದು ಒಂದೇ ಆಮೆ, ರೆಡ್ ಇಯರ್ಡ್ ಸ್ಲೈಡರ್ ಹೆಣ್ಣು, ಚಿಪ್ಪಿನ ಉದ್ದ 17 ಸೆಂ.ಮೀ. ನೀರೊಳಗೆ ಕೂರುವ ಫಿಲ್ಟರ್ ಒಂದು, ಗಂಟೆಗೆ 600 ಲೀಟರ್ ಅಂತ ಬರೆದದ್ದು. ಕಟ್ಟೆಯ ಮೇಲೆ ಬಿಸಿ ಕೊಡುವ 75 ವ್ಯಾಟ್ ಬಲ್ಬು, ಚಿಪ್ಪು ಗಟ್ಟಿಯಾಗಲು ಬೇಕಾದ ಯುವಿಬಿ ಕಿರಣ ಕೊಡುವ ಒಂದು ಟ್ಯೂಬು. ಇವೆರಡರ ಜೊತೆಗೆ ಬರೀ ಅಂದಕ್ಕೆ ಅಂತ ಒಂದು ಬಿಳಿ ಎಲ್‌ಇಡಿ ಪಟ್ಟಿ. ಬೆಳಿಗ್ಗೆ 6ಕ್ಕೆ ಎದ್ದವರು ಹಾಕುತ್ತಿದ್ದರು, ರಾತ್ರಿ 10ಕ್ಕೆ ಮಲಗುವವರು ಆರಿಸುತ್ತಿದ್ದರು.

ದಿನ 1

ನೀರು ಎಷ್ಟು ಕೆಟ್ಟಿದೆ ಅಂತ ಅಳೆಯಲು ಒಂದು ಸಾಧನ ಮಾಡಿಕೊಂಡೆ. ಬಾಟಲಿಯ ಬಿಳಿ ಮುಚ್ಚಳವನ್ನು ಪ್ಲಾಸ್ಟಿಕ್ ಸ್ಕೇಲಿನ ತುದಿಗೆ ಅಂಟಿಸಿದೆ. ಮೇಲಿನಿಂದ ನೀರಿಗೆ ಇಳಿಸುತ್ತಾ ಹೋಗುವುದು, ಮುಚ್ಚಳ ಮಾಯವಾದ ಆಳವನ್ನು ಬರೆದುಕೊಳ್ಳುವುದು. ಉಪಾಯ ನನ್ನದಲ್ಲ. ಸಮುದ್ರದ ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು ಸೆಕ್ಕಿ ಅನ್ನುವ ಇಟಲಿಯ ಪಾದ್ರಿ 1865ರಲ್ಲೇ ಬಿಳಿ ತಟ್ಟೆ ಇಳಿಸಿ ನೋಡಿದ್ದರು. ಇವತ್ತಿಗೂ ಕೆರೆಗಳಲ್ಲಿ ಹಾಗೇ ನೋಡುತ್ತಾರೆ.

ನನ್ನ ಮುಚ್ಚಳ 14 ಸೆಂ.ಮೀ.ಗೆ ಮಾಯ.

ಗಾಜಿನ ಮೇಲೆ ಹಸಿರು ಪೊರೆ. ಹೀಟರಿನ ವೈರಿಗೆ ಕೂದಲಿನಂಥ ಪಾಚಿ ಜೋತುಬಿದ್ದಿದೆ. ಗುಂಡಮ್ಮನ ಬೆನ್ನ ಮೇಲೂ ಪಾಚಿ, ಮುಟ್ಟಿದರೆ ಹಳೇ ಮೆಟ್ಟಿಲ ಹಾಗೆ ಜಾರುತ್ತದೆ.

ದಿನ 2: ಎಲ್ಲಾ ತೊಳೆದದ್ದು

ಪೂರ್ತಿ ನೀರು ಚೆಲ್ಲಿದೆ. ಗಾಜು, ಕಲ್ಲು, ಕಟ್ಟೆ, ಪೈಪು ಎಲ್ಲವನ್ನೂ ಉಜ್ಜಿದೆ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಹಿಂಡಿ ಹಿಂಡಿ ಹೊಸದರ ಹಾಗೆ ಮಾಡಿದೆ. ನಾಲ್ಕು ಗಂಟೆ ಕೆಲಸ. ಸಂಜೆಗೆ ಟ್ಯಾಂಕ್ ಫಳಫಳ. ಮನೆಯವರೆಲ್ಲ ಮೆಚ್ಚಿದರು. ನಾನೂ ಮೆಚ್ಚಿಕೊಂಡೆ.

ದಿನ 4

ನೀರು ಹಸಿರಿಲ್ಲ, ಬೆಳ್ಳಗೆ ಮಬ್ಬು.

ದಿನ 6

ಮಬ್ಬು ಹಾಗೇ ಇದೆ. ಅಮೋನಿಯಾ ಪರೀಕ್ಷೆ ಮಾಡಿದರೆ 1 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಒಂದು ಪಾಲು. ಇರಬೇಕಾದದ್ದು ಸೊನ್ನೆ.

ಆಮೆಯ ಹೇಸಿಗೆ, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಸ್ಪಂಜಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೀಗೆ ನೆಲೆಯೂರಲು ಅವಕ್ಕೆ 4ರಿಂದ 6 ವಾರ ಬೇಕು. ಅವನ್ನು ನಾನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಹತ್ತೇ ನಿಮಿಷಕ್ಕೆ ತೊಳೆದು ಹಾಕಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಮೆ ಗಾಳಿ ಉಸಿರಾಡುವ ಪ್ರಾಣಿಯಾದ್ದರಿಂದ ಬಚಾವ್. ಮೀನಾಗಿದ್ದರೆ ಸತ್ತೇ ಹೋಗುತ್ತಿತ್ತೇನೋ. ಆದರೂ ಅಮೋನಿಯಾದಿಂದ ಆಮೆಯ ಕಣ್ಣು, ಚರ್ಮ ಉರಿಯುತ್ತದೆ. ಕಾಲು ಭಾಗ ನೀರು ಬದಲಿಸಿದೆ, ಎರಡು ದಿನ ತಿಂಡಿ ನಿಲ್ಲಿಸಿದೆ.

ದಿನ 10

ಮತ್ತೆ ಹಸಿರು. ಮುಚ್ಚಳ 12 ಸೆಂ.ಮೀ. ಅಂದರೆ ಮೊದಲಿಗಿಂತ ಕೆಟ್ಟದ್ದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ದಿನ 11: ಬಸವನಹುಳು

ಪಾಚಿ ತಿನ್ನುತ್ತವೆ ಅಂತ 6 ಬಸವನಹುಳು ತಂದು ಬಿಟ್ಟೆ. ಒಂದು ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಮೇಲೆ ಹೋಗುತ್ತಾ ತನ್ನ ಹಿಂದೆ ಬೆರಳಗಲದ ತಿಳಿ ದಾರಿ ಬಿಡುತ್ತಿತ್ತು. ನೋಡಲು ಖುಷಿಯಾಗಿತ್ತು. ಗುಂಡಮ್ಮ ಕತ್ತು ಚಾಚಿದಳು, ಕಟಕ್ ಅಂತ ಸದ್ದಾಯಿತು, ದಾರಿ ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ನೋಡಿದರೆ ಆರೂ ಇಲ್ಲ. ತಳದಲ್ಲಿ ಚಿಪ್ಪಿನ ಚೂರುಗಳು.

ಪಾಚಿ ತಿನ್ನುವ ಪ್ಲೆಕೊ ಮೀನು ಬಿಡಿ ಅಂತಲೂ ಒಬ್ಬರು ಹೇಳಿದರು. ಅದರ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳಿರುತ್ತದೆ. ಆಮೆ ನುಂಗಲು ಹೋದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಸವನಹುಳುವಿನ ಗತಿ ನೋಡಿದ ಮೇಲೆ ಆ ಯೋಚನೆ ಬಿಟ್ಟೆ.

ದಿನ 13: ಪಾಚಿ ಕೊಲ್ಲುವ ಔಷಧಿ

ತಂದೆ. ಮುಚ್ಚಳ ತೆರೆಯುವ ಮುಂಚೆ ಹಿಂದಿನ ಚೀಟಿ ಓದಿದೆ. ತಾಮ್ರದ ಅಂಶ ಇತ್ತು. ಆಮೆ ದಿನವಿಡೀ ಅದೇ ನೀರು ಕುಡಿಯುತ್ತದೆ, ಅದರಲ್ಲೇ ತಿನ್ನುತ್ತದೆ. ಅದೂ ಅಲ್ಲದೆ ಪಾಚಿ ಒಮ್ಮೆಗೇ ಸತ್ತರೆ ಅದೂ ಅಲ್ಲೇ ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ. ಬಾಟಲಿ ಸೀಲ್ ಒಡೆಯದೆ ಇನ್ನೂ ಕಪಾಟಿನಲ್ಲಿದೆ. ಈ 24 ದಿನದಲ್ಲಿ ದುಡ್ಡು ಕೊಟ್ಟು ತಂದೂ ನಾನು ಮಾಡದೇ ಬಿಟ್ಟ ತಪ್ಪು ಇದೊಂದೇ.

ದಿನ 14: ಅಳತೆಯಲ್ಲೇ ಎಡವಿದ್ದು

ಪಾಚಿಗೆ ಆಹಾರವಾಗುವ ನೈಟ್ರೇಟ್ ಎಷ್ಟಿದೆ ಅಂತ ಪರೀಕ್ಷೆ ಮಾಡಿದೆ. ಗಾಜಿನ ನಳಿಗೆಯಲ್ಲಿ ಟ್ಯಾಂಕಿನ ನೀರು, ಒಂದನೇ ಬಾಟಲಿಯಿಂದ ಹನಿ, ಎರಡನೇ ಬಾಟಲಿಯಿಂದ ಹನಿ. ಬಣ್ಣ ತಿಳಿ ಹಳದಿ. ಚಾರ್ಟಿನಲ್ಲಿ 5 ಪಿಪಿಎಂ.

"ನೀರಿನಲ್ಲಿ ಪಾಚಿಗೆ ಆಹಾರ ಇಲ್ಲವೇ ಇಲ್ಲ, ತೊಂದರೆ ಬೇರೆಲ್ಲೋ ಇದೆ" ಅಂತ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಎರಡು ಗೆರೆಯಿಂದ 17 ದಿನ ಹಾಳಾಯಿತು. ಯಾಕೆ ಅಂತ ಮುಂದೆ ಬರುತ್ತದೆ.

ದಿನ 18: ಬ್ಲೇಡು

ಗಾಜಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಗಟ್ಟಿ ಹಸಿರು ಕೂತಿತ್ತು. ಸ್ಪಂಜಿಗೆ ಬಗ್ಗಲಿಲ್ಲ. ಶೇವಿಂಗ್ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ, ಗಾಜಿಗೆ ಓರೆಯಾಗಿ ಹಿಡಿದು ಕೆರೆದರೆ ಸಿಪ್ಪೆ ಸುಲಿದ ಹಾಗೆ ಬಂತು. ಉತ್ಸಾಹ ಜಾಸ್ತಿಯಾಗಿ ಮೂಲೆಯವರೆಗೂ ಹೋದೆ. ಬ್ಲೇಡಿನ ತುದಿಗೆ ಮೆತ್ತಗೆ ಏನೋ ತಾಗಿತು. ನೋಡಿದರೆ ಮೂಲೆಯ ಸಿಲಿಕಾನ್ ಅಂಟು 2 ಸೆಂ.ಮೀ.ನಷ್ಟು ಸೀಳಿತ್ತು.

ಎದೆ ಧಸಕ್ ಅಂತು. 180 ಲೀಟರ್ ನೀರು ಹಾಲ್ ತುಂಬಾ ಹರಿಯುವ ಚಿತ್ರ ಕಣ್ಣ ಮುಂದೆ ಬಂತು. ಆ ಮೂಲೆಯ ಹೊರಗೆ ಕೆಳಗಡೆ ಒಣ ಟಿಶ್ಯೂ ಪೇಪರ್ ಮಡಚಿಟ್ಟು ಮೂರು ದಿನ ಗಂಟೆ ಗಂಟೆಗೂ ಮುಟ್ಟಿ ನೋಡಿದೆ. ಒದ್ದೆಯಾಗಲಿಲ್ಲ. ಸೀಳಿದ್ದು ಒಳಗಿನ ಮೇಲ್ಪದರ, ಎರಡು ಗಾಜಿನ ನಡುವಿನ ಅಂಟಿಗೆ ಏನೂ ಆಗಿರಲಿಲ್ಲ. ಅಂದಿನಿಂದ ಬ್ಲೇಡು ಮೂಲೆಯಿಂದ 2 ಸೆಂ.ಮೀ. ದೂರದಲ್ಲೇ ನಿಲ್ಲುತ್ತದೆ. ಮೂಲೆಗೆ ಹಳೇ ಟೂತ್‌ಬ್ರಷ್. ಅಕ್ರಿಲಿಕ್ ಟ್ಯಾಂಕ್ ಇದ್ದವರು ಬ್ಲೇಡು ಮುಟ್ಟಲೇಬೇಡಿ, ಗೀರು ಬೀಳುತ್ತದೆ. ಹಳೇ ಪ್ಲಾಸ್ಟಿಕ್ ಕಾರ್ಡು ಸಾಕು.

ದಿನ 25: ಕಳ್ಳ ಸಿಕ್ಕಿದ

ಜ್ವರ ಅಂತ ಮನೆಯಲ್ಲೇ ಇದ್ದೆ. ಟ್ಯಾಂಕಿನ ಎದುರಿಗೇ ಮಲಗಿದ್ದೆ. 7:40ಕ್ಕೆ ಪರದೆಯ ಸಂದಿಯಿಂದ ಒಂದು ಬಿಸಿಲ ಪಟ್ಟಿ ಟ್ಯಾಂಕಿನ ಎಡಗಡೆ ಗಾಜಿನ ಮೇಲೆ ಬಿತ್ತು. ಸುಮ್ನೆ ನೋಡುತ್ತಾ ಇದ್ದೆ. ಅದು ನಿಧಾನಕ್ಕೆ ಹಿಂದಿನ ಗಾಜಿಗೆ ಸರಿಯಿತು, 9:50ಕ್ಕೆ ಗೋಡೆಗೆ ಹೋಯಿತು. ಎರಡು ಗಂಟೆ ಹತ್ತು ನಿಮಿಷ.

ಪಾಚಿ ಎಲ್ಲಿ ದಟ್ಟವಾಗಿತ್ತು ಗೊತ್ತಾ? ಎಡಗಡೆ ಗಾಜು ಮತ್ತು ಹಿಂದಿನ ಗಾಜಿನ ಎಡ ಅರ್ಧ. ಬಿಸಿಲು ಓಡಾಡಿದ ಜಾಗದಲ್ಲೇ, ಗೆರೆ ಎಳೆದ ಹಾಗೆ.

ಟ್ಯಾಂಕ್ ಇಲ್ಲಿಟ್ಟಾಗ ಬಿಸಿಲು ಬರುವುದಿಲ್ಲ ಅಂತ ನೋಡಿಯೇ ಇಟ್ಟಿದ್ದೆ. ಕಾಲ ಬದಲಾದ ಹಾಗೆ ಸೂರ್ಯ ಹುಟ್ಟುವ ಜಾಗ ಸರಿಯುತ್ತದೆ, ಕಿಟಕಿಯಿಂದ ಬರುವ ಬಿಸಿಲಿನ ಓರೆಯೂ ಬದಲಾಗುತ್ತದೆ ಅನ್ನುವುದು ತಲೆಗೆ ಹೊಳೆದಿರಲಿಲ್ಲ. ಆ ಹೊತ್ತಿಗೆ ನಾನು ದಿನಾ ಕೆಲಸಕ್ಕೆ ಹೊರಟಿರುತ್ತಿದ್ದೆ. ಆವತ್ತು ಥರ್ಮಾಮೀಟರ್ ನೋಡಿದರೆ ನೀರು 29 ಡಿಗ್ರಿ. ನಾನು ಇಟ್ಟುಕೊಂಡಿರುವುದು 25.

ಕಿಟಕಿ ಬಿಸಿಲು ಆಮೆಗೆ ಒಳ್ಳೆಯದಲ್ವಾ ಅಂತ ಕೇಳಬಹುದು. ಮೂಳೆ, ಚಿಪ್ಪು ಗಟ್ಟಿಯಾಗಲು ಬೇಕಾದ ಯುವಿಬಿ ಕಿರಣಕ್ಕೆ ಕಿಟಕಿಯ ಗಾಜೇ ಅಡ್ಡ. ಗಾಜು ದಾಟಿ ಬರುವುದು ಬಿಸಿ ಮತ್ತು ಬೆಳಕು ಮಾತ್ರ. ಲಾಭ ಪೂರ್ತಿ ಪಾಚಿಗೆ.

ದಿನ 26: ಬಿಸಿಲಿಗೆ ಅಡ್ಡ

ಮೊದಲು ಎಡಗಡೆ ಮತ್ತು ಹಿಂದಿನ ಗಾಜಿಗೆ ಹೊರಗಿನಿಂದ ನ್ಯೂಸ್‌ಪೇಪರ್ ಅಂಟಿಸಿದೆ. ಗುಂಡಮ್ಮ ಕಟ್ಟೆಯಿಂದ ಧುಮುಕಿದಾಗ ಸಿಡಿದ ನೀರಿಗೆ ಸಂಜೆಯೊಳಗೆ ಮುದ್ದೆಯಾಗಿ ಬಿತ್ತು. ಆಮೇಲೆ ಕಪ್ಪು ಅಂಟು ಹಾಳೆ ತಂದೆ. ಒಣ ಗಾಜಿಗೆ ಅಂಟಿಸಲು ಹೋಗಿ ಮೊದಲ ತುಂಡು ಸುಕ್ಕು, ಗುಳ್ಳೆ. ಕಿತ್ತು ಬಿಸಾಡಿದೆ. ಎರಡನೇ ತುಂಡಿಗೆ ಗಾಜಿನ ಹೊರಮೈ ಮೇಲೆ ಸೋಪು ನೀರು ಚಿಮುಕಿಸಿ, ಹಾಳೆ ಇಟ್ಟು, ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿದೆ. ನೀಟಾಗಿ ಕೂತಿತು. ಸೋಪು ನೀರು ಚಿಮುಕಿಸುವಾಗ ಟ್ಯಾಂಕಿನ ಬಾಯಿಗೆ ಟವೆಲ್ ಮುಚ್ಚಿ. ಒಂದು ಹನಿ ಸೋಪೂ ಒಳಗೆ ಹೋಗಬಾರದು.

ಇಷ್ಟೂ ಕೆಲಸದಲ್ಲಿ ಅತಿ ಕಡಿಮೆ ಖರ್ಚಾದದ್ದು ಇದಕ್ಕೆ. ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದೂ ಇದೇ.

ದಿನ 27: ಲೈಟು ಮತ್ತು ಟೈಮರ್

ಎಲ್‌ಇಡಿ ಪಟ್ಟಿ ಕಿತ್ತೇ ಬಿಟ್ಟೆ. ದಿನಕ್ಕೆ 16 ಗಂಟೆ ಉರಿಯುತ್ತಿತ್ತು, ಆಮೆಗೆ ಅದರಿಂದ ನಯಾಪೈಸೆ ಉಪಯೋಗ ಇರಲಿಲ್ಲ. ಬಿಸಿ ಬಲ್ಬು ಮತ್ತು ಯುವಿಬಿ ಬೇಕೇ ಬೇಕು, ಅವನ್ನು ಪಾಚಿಗೆ ಹೆದರಿ ಆರಿಸುವಂತಿಲ್ಲ. ಅವೆರಡಕ್ಕೂ ದಿನಕ್ಕೆ 10 ಗಂಟೆ ಅಂತ ಟೈಮರ್ ಹಾಕಿದೆ. ಟ್ಯೂಬು ಕಟ್ಟೆಯಿಂದ 28 ಸೆಂ.ಮೀ. ಮೇಲೆ. ಅದಕ್ಕೊಂದು ಮರೆ ಕೊಟ್ಟು ಬೆಳಕು ನೀರಿಗೆ ಬೀಳದೆ ಕಟ್ಟೆಗೆ ಬೀಳುವಂತೆ ತಿರುಗಿಸಿದೆ. ಕಟ್ಟೆಯ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದೆ, 33 ಡಿಗ್ರಿ. ಸರಿಯಾಗಿದೆ.

ಟೈಮರ್ ತಿರುಗುವ ಚಕ್ರದ್ದು, 15 ನಿಮಿಷಕ್ಕೊಂದು ಹಲ್ಲು. ನಾಲ್ಕು ದಿನ ಬಿಟ್ಟು ರಾತ್ರಿ 9ಕ್ಕೂ ಲೈಟು ಉರಿಯುತ್ತಿತ್ತು. ಕರೆಂಟು ಹೋದಷ್ಟೂ ಹೊತ್ತು ಚಕ್ರ ನಿಂತಿರುತ್ತದೆ, ಬಂದ ಮೇಲೆ ನಿಂತಲ್ಲಿಂದ ಶುರು. ಹಾಗೆ ಸೇರಿ ಸೇರಿ ಮೂರು ಗಂಟೆ ಹಿಂದೆ ಬಿದ್ದಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿದ ಮೇಲೆ ಆ ತಲೆನೋವು ಹೋಯಿತು.

ಎಲ್ಲಾ ವೈರುಗಳನ್ನೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿಟ್ಟು ಮೇಲೆ ತಂದಿದ್ದೇನೆ. ವೈರಿನಲ್ಲಿ ಜಾರಿ ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ದಿನ 31: ಕುಲುಕದ ಬಾಟಲಿ

ಬಿಸಿಲು ನಿಂತು ಐದು ದಿನ. ಗಾಜಿನ ಮೇಲೆ ಹೊಸ ಪಾಚಿ ಬರುವುದು ಕಡಿಮೆಯಾಗಿದೆ. ಆದರೆ ನೀರು ಹಸಿರೇ. ಮುಚ್ಚಳ 15 ಸೆಂ.ಮೀ.

ಬೇಜಾರಾಗಿ ಪರೀಕ್ಷೆ ಕಿಟ್ಟಿನ ಕಾಗದ ಬಿಡಿಸಿ ಮೊದಲಿನಿಂದ ಓದಿದೆ. ಎರಡನೇ ಬಾಟಲಿಯನ್ನು ಹನಿ ಹಾಕುವ ಮುಂಚೆ 30 ಸೆಕೆಂಡ್ ಜೋರಾಗಿ ಕುಲುಕಬೇಕು. ಹಾಕಿದ ಮೇಲೆ ನಳಿಗೆಯನ್ನು ಒಂದು ನಿಮಿಷ ಕುಲುಕಬೇಕು. ಆಮೇಲೆ 5 ನಿಮಿಷ ಕಾಯಬೇಕು. ಬಾಟಲಿಯ ಮದ್ದು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕುಲುಕದಿದ್ದರೆ ಬರೀ ಮೇಲಿನ ನೀರು ಬೀಳುತ್ತದೆ, ನೈಟ್ರೇಟ್ ಎಷ್ಟಿದ್ದರೂ ಹಳದಿಯೇ ತೋರಿಸುತ್ತದೆ.

ಬಾಟಲಿಯನ್ನು ಮೇಜಿಗೆ ಕುಟ್ಟಿ, ಗಡಿಯಾರ ನೋಡಿಕೊಂಡು ಕುಲುಕಿದೆ. ಹನಿ ಹಾಕಿದೆ. ನಳಿಗೆ ಹಳದಿಯಾಯಿತು, ಕಿತ್ತಳೆಯಾಯಿತು, ಐದನೇ ನಿಮಿಷಕ್ಕೆ ಕುಂಕುಮದ ಕೆಂಪು. 80 ಪಿಪಿಎಂ. ದಿನ 14ರ ಆ ಎರಡು ಗೆರೆಗಳನ್ನು ಹೊಡೆದು ಹಾಕಿದೆ.

ನಲ್ಲಿ ನೀರನ್ನೂ ಪರೀಕ್ಷಿಸಿದೆ. 10. ಇದು ಗೊತ್ತಿದ್ದರೆ ಒಳ್ಳೆಯದು. ಎಷ್ಟೇ ನೀರು ಬದಲಿಸಿದರೂ ಟ್ಯಾಂಕ್ 10ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ದಿನ 31ರಿಂದ 38: ನೀರು ಬದಲಿಸಿದ್ದು

ಈ ಸಲ ಪೂರ್ತಿ ಚೆಲ್ಲಲಿಲ್ಲ. ಒಂದು ಸಲಕ್ಕೆ 12 ಲೀಟರಿನ 6 ಬಕೆಟ್, ಅಂದರೆ 72 ಲೀಟರ್, 100ಕ್ಕೆ 40 ಪಾಲು. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರವ ಹಾಕಿ, ಕೈಯಿಟ್ಟರೆ ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿದೆ ಅಂತ ನೋಡಿ ಸುರಿದೆ. ದಿನ 31, 34, 38 ಹೀಗೆ ಮೂರು ಸಲ. ಮೊದಲ ಸಲದ ಮೇಲೆ ಲೆಕ್ಕದಲ್ಲಿ 52 ಆಗಬೇಕು. ಕಿಟ್ಟು 40 ಮತ್ತು 80ರ ನಡುವಿನ ಬಣ್ಣ ತೋರಿಸಿತು. ಮೂರನೇ ಸಲಕ್ಕೆ 20 ಮತ್ತು 40ರ ನಡುವೆ ಬಂತು.

ಒಂದು ತಪ್ಪೊಪ್ಪಿಗೆ. ಸೈಫನ್ ಪೈಪಿನಲ್ಲಿ ನೀರು ಹರಿಯಲು ಬಾಯಿಂದ ಎಳೆದೆ. ಬಾಯಿ ತುಂಬಾ ಆಮೆ ನೀರು ಬಂತು. ರುಚಿ ವಿವರಿಸುವುದಿಲ್ಲ. ಆದರೆ ನಗುವ ವಿಷಯ ಅಲ್ಲ. ಆರೋಗ್ಯವಾಗಿರುವ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಇದರಿಂದ ಕಾಯಿಲೆ ಬರುತ್ತದೆ ಅಂತಲೇ 1975ರಲ್ಲಿ ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಷೇಧಿಸಿದರು. ಈಗ ಪೈಪನ್ನು ಪೂರ್ತಿ ನೀರಲ್ಲಿ ಮುಳುಗಿಸಿ, ಎರಡೂ ತುದಿ ಹೆಬ್ಬೆರಳಿನಿಂದ ಮುಚ್ಚಿ, ಒಂದು ತುದಿಯನ್ನು ಬಕೆಟ್ಟಿಗೆ ಇಳಿಸಿ ಬೆರಳು ಬಿಡುತ್ತೇನೆ. ತಾನಾಗಿ ಹರಿಯುತ್ತದೆ. ಟ್ಯಾಂಕಿನ ಬಕೆಟ್, ಬ್ರಷ್ ಬೇರೆ. ಅಡುಗೆಮನೆ ಸಿಂಕಿನ ಹತ್ತಿರ ಅವು ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಕೈಗೆ ಸೋಪು.

ಸೈಫನ್ ತುದಿ ತಳದ ಜಲ್ಲಿಗೆ ತಾಗಿದಾಗ ಕಂದು ಮೋಡ ಎದ್ದಿತು. 8 ಕಿಲೋ ಜಲ್ಲಿ, ಅದರಡಿ ಒಂದು ತಿಂಗಳ ಹೇಸಿಗೆ ಮತ್ತು ಕೊಳೆತ ತಿಂಡಿ. ಪಾಚಿಯ ಉಗ್ರಾಣ. ಚಿಕ್ಕ ಕಲ್ಲನ್ನು ಆಮೆ ನುಂಗುವ ಅಪಾಯ ಬೇರೆ. ಅರ್ಧ ಜಲ್ಲಿ ದಿನ 34ಕ್ಕೆ ತೆಗೆದೆ, ಉಳಿದರ್ಧ ದಿನ 38ಕ್ಕೆ. ಒಟ್ಟಿಗೆ ತೆಗೆಯಲಿಲ್ಲ, ಯಾಕೆಂದರೆ ಒಳ್ಳೆಯ ಬ್ಯಾಕ್ಟೀರಿಯಾ ಅದಕ್ಕೂ ಅಂಟಿರುತ್ತವೆ. ಈಗ ತಳದಲ್ಲಿ ಗುಂಡಮ್ಮನ ತಲೆಗಿಂತ ದೊಡ್ಡ ನಾಲ್ಕು ನುಣುಪು ಕಲ್ಲು, ಅಷ್ಟೇ.

ದಿನ 39: ತಿಂಡಿ

ಒಂದು ವಾರ ದಿನಾ ಆಮೆ ತಿಂಡಿಯ ಗುಳಿಗೆ ಡಬ್ಬ ತೂಗಿದೆ. ದಿನಕ್ಕೆ 9 ಗ್ರಾಂ ಖಾಲಿಯಾಗುತ್ತಿತ್ತು. ನಾನು ಹಾಕುತ್ತಿದ್ದದ್ದು 4. ಉಳಿದ 5 ಗ್ರಾಂ?

"ಅವಳು ಗಾಜಿಗೆ ಮೂತಿ ಒತ್ತಿ ಕೇಳ್ತಾಳೆ, ಅಪ್ಪಾ. ಪಾಪ ಅಲ್ವಾ?" ಅಂದಳು ಮಗಳು. ಹೆಂಡತಿ ಏನೂ ಅನ್ನದೆ ಒಳಗೆ ಹೋದಳು. ಅಂದರೆ ಇಬ್ಬರೂ ಹಾಕುತ್ತಿದ್ದರು.

ಸ್ಲೈಡರ್ ಆಮೆಗೆ ಹೊಟ್ಟೆ ತುಂಬಿದರೂ ಕೇಳುವ ಚಾಳಿ. ಗುಳಿಗೆಯಲ್ಲಿ ಪ್ರೋಟೀನ್ ಜಾಸ್ತಿ. ಅದರಲ್ಲಿ ಮೈಗೆ ಹತ್ತದೆ ಹೋದದ್ದು ನೀರಿಗೆ, ನೀರಿನಿಂದ ಪಾಚಿಗೆ. ಈಗಿನ ಕಟ್ಟಳೆ ಹೀಗಿದೆ: ಅವಳ ತಲೆಯ ಗಾತ್ರದಷ್ಟು ಗುಳಿಗೆ, ದಿನ ಬಿಟ್ಟು ದಿನ. ಉಳಿದ ದಿನ ಸೊಪ್ಪು. ಗುಳಿಗೆ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ, ಹಾಕಿದವರು ಗೀಟು ಹಾಕಬೇಕು.

ತಿಂಡಿಗೆ ಬೇರೆ ಟಬ್ಬು. ಅಷ್ಟೇ ಬೆಚ್ಚಗಿನ ನೀರು ಹಾಕಿ, 20 ನಿಮಿಷ ಬಿಟ್ಟು, ತಿಂದ ಮೇಲೆ ಎತ್ತಿ ಟ್ಯಾಂಕಿಗೆ. ಎಷ್ಟೋ ಸಲ ತಿಂದ ಕೂಡಲೇ ಅಲ್ಲೇ ಹೇಸಿಗೆಯನ್ನೂ ಮುಗಿಸುತ್ತಾಳೆ. ಆ ನೀರನ್ನು ಹಾಗೇ ಕಮೋಡಿಗೆ ಸುರಿದರಾಯಿತು.

ದಿನ 41: ದೊಡ್ಡ ಫಿಲ್ಟರ್

ಆಮೆ ಮೀನಿಗಿಂತ ಎಷ್ಟೋ ಪಾಲು ಜಾಸ್ತಿ ಗಲೀಜು ಮಾಡುತ್ತದೆ. ಅದಕ್ಕೇ ಇರುವ ನೀರಿನ ಎರಡು ಮೂರು ಪಟ್ಟು ದೊಡ್ಡ ಟ್ಯಾಂಕಿಗೆ ಅಂತ ಹೇಳುವ ಫಿಲ್ಟರನ್ನೇ ಹಾಕಬೇಕು. ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ತಂದೆ. ಈ ಕೆಲಸದ ಅತಿ ದೊಡ್ಡ ಖರ್ಚು ಇದೇ. ಹಳೇ ಫಿಲ್ಟರ್ ತೆಗೆಯಲಿಲ್ಲ, ಆರು ವಾರ ಎರಡೂ ಓಡಲಿ ಅಂತ ಬಿಟ್ಟೆ. ಹಳೆಯದರ ಬ್ಯಾಕ್ಟೀರಿಯಾ ಹೊಸದರಲ್ಲಿ ಮನೆ ಮಾಡಬೇಕಲ್ಲ.

ರಾತ್ರಿ ನೀರು ಕುಡಿಯಲು ಎದ್ದವನಿಗೆ ಕಾಲಡಿ ಒದ್ದೆ. ಮುಚ್ಚಳದ ರಬ್ಬರ್ ರಿಂಗಿನ ಕೆಳಗೆ ಒಂದೇ ಒಂದು ಮರಳಿನ ಕಾಳು. ಅಲ್ಲಿಂದ ಸಣ್ಣಗೆ ಸೋರಿ ಅರ್ಧ ಬಕೆಟ್ ನೀರು ನೆಲದ ಮೇಲೆ. ರಿಂಗು ಒರೆಸಿ, ಅದು ಕೂರುವ ಸಂದಿಗೆ ಬೆರಳಾಡಿಸಿ ನೋಡಿ ಮತ್ತೆ ಮುಚ್ಚಿದೆ. ಈಗ ಫಿಲ್ಟರನ್ನು ಒಂದು ಪ್ಲಾಸ್ಟಿಕ್ ಟಬ್ಬಿನೊಳಗೇ ಇಟ್ಟಿದ್ದೇನೆ.

ದಿನ 46

ಹರಿವು ಸೊರಗಿದೆ. ಫಿಲ್ಟರಿನ ಮೇಲೆ 1200 ಲೀಟರ್ ಅಂತ ಬರೆದಿದೆ. ಮೊದಲ ದಿನ ಹೊರಬರುವ ಪೈಪಿಗೆ ಬಕೆಟ್ ಹಿಡಿದು ಅಳೆದಿದ್ದೆ, 12 ಲೀಟರಿಗೆ 54 ಸೆಕೆಂಡ್. ಅಂದರೆ ಗಂಟೆಗೆ 800. ಇವತ್ತು 110 ಸೆಕೆಂಡ್. 400 ಕೂಡ ಇಲ್ಲ.

ತೆರೆದು ನೋಡಿದರೆ ತಪ್ಪು ನನ್ನದೇ. ನೀರು ಮೊದಲು ಹೋಗುವ ಜಾಗದಲ್ಲಿ ನುಣುಪು ಹತ್ತಿ ಹಾಕಿದ್ದೆ. ಐದೇ ದಿನಕ್ಕೆ ಕಟ್ಟಿಕೊಂಡಿತ್ತು. ಒರಟು ಸ್ಪಂಜು ಮೊದಲು, ಆಮೇಲೆ ನುಣುಪು ಹತ್ತಿ, ಕೊನೆಗೆ ಸೆರಾಮಿಕ್ ಉಂಗುರ. ಹಾಗೆ ಬದಲಿಸಿದೆ. ನೀರು ಎಳೆಯುವ ಪೈಪಿನ ಬಾಯಿಗೂ ಒಂದು ಸ್ಪಂಜು ತೊಡಿಸಿದೆ. ಅದನ್ನು ವಾರಕ್ಕೊಮ್ಮೆ, ಟ್ಯಾಂಕಿನಿಂದ ತೆಗೆದ ಬಕೆಟ್ ನೀರಿನಲ್ಲೇ ಹಿಂಡುತ್ತೇನೆ. ನಲ್ಲಿ ಕೆಳಗಲ್ಲ. ದಿನ 2ರ ಪಾಠ.

ದಿನ 52: ಯುವಿ

ನೈಟ್ರೇಟ್ 20. ಗಾಜು ಚೆನ್ನಾಗಿದೆ. ಮುಚ್ಚಳ 22 ಸೆಂ.ಮೀ.ಗೆ ಬಂದು ನಿಂತುಬಿಟ್ಟಿದೆ, ಒಂದು ವಾರದಿಂದ ಅಲ್ಲಾಡಿಲ್ಲ. ನೀರಲ್ಲಿ ತೇಲುವ ಪಾಚಿ ಸ್ಪಂಜಿಗೆ ಸಿಗದಷ್ಟು ಸಣ್ಣದು.

ಫಿಲ್ಟರಿನಿಂದ ಹೊರಬರುವ ಪೈಪಿಗೆ 9 ವ್ಯಾಟಿನ ಯುವಿ ಸ್ಟೆರಿಲೈಸರ್ ಜೋಡಿಸಿದೆ. ಮುಚ್ಚಿದ ಕೊಳವೆಯೊಳಗೆ ದೀಪ, ಅದರ ಸುತ್ತ ನೀರು ಹಾದುಹೋಗುತ್ತದೆ. ಇದರಲ್ಲಿರುವುದು ತೇಲುವ ಪಾಚಿಯನ್ನು ಕೊಲ್ಲುವ ಯುವಿಸಿ ಕಿರಣ. ಕಟ್ಟೆಯ ಮೇಲಿನ ಯುವಿಬಿ ಟ್ಯೂಬೇ ಬೇರೆ, ಇದೇ ಬೇರೆ. ಇದರ ಬೆಳಕು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು, ನಮಗೂ ಆಮೆಗೂ. ಪ್ಲಗ್ ಕೀಳದೆ ಬಿಚ್ಚಬಾರದು.

ಮುಚ್ಚಳ: ದಿನ 53ಕ್ಕೆ 22. ದಿನ 54ಕ್ಕೆ 25. ದಿನ 55ಕ್ಕೆ 31. ದಿನ 56ಕ್ಕೆ ಸ್ಕೇಲು ತಳಕ್ಕೆ ತಾಗಿತು, ಮುಚ್ಚಳ ಇನ್ನೂ ಕಾಣುತ್ತಿತ್ತು.

ಇದನ್ನು ಮೊದಲ ದಿನವೇ ಹಾಕಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಅಂತ ಹೆಂಡತಿ ಅಂದಳು. ಹಾಕಿದ್ದರೆ ನೀರು ತಿಳಿಯಾಗುತ್ತಿತ್ತು, ನಿಜ. ಆದರೆ 80 ಪಿಪಿಎಂ ಹಾಗೇ ಇರುತ್ತಿತ್ತು, ಗಾಜಿನ ಪಾಚಿಗೆ ಇದು ಏನೂ ಮಾಡುವುದಿಲ್ಲ, ಬಿಸಿಲು ಬೀಳುತ್ತಲೇ ಇರುತ್ತಿತ್ತು. ನಾನು ಹೀಗೆ ವಿವರಿಸುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.

ದಿನ 60: ಬೆನ್ನು, ಮತ್ತು ಒಂದು ಬಳ್ಳಿ

ಗುಂಡಮ್ಮನ ಚಿಪ್ಪನ್ನು ಉಗುರು ಬೆಚ್ಚಗಿನ ನೀರಲ್ಲಿ, ಮಕ್ಕಳ ಮೆತ್ತನೆ ಟೂತ್‌ಬ್ರಷ್ಷಿನಿಂದ ಉಜ್ಜಿದೆ. ಸೋಪು ಇಲ್ಲ. ಐದು ನಿಮಿಷಕ್ಕೆ ಪಾಚಿ ಹೋಯಿತು. ಒಂದು ಕಡೆ ಅಂಚು ಎದ್ದಿತ್ತು, ಅದರಡಿ ಪಾಚಿ ಸೇರಿದೆ ಅಂತ ಉಗುರಿನಿಂದ ಎಬ್ಬಿಸಲು ನೋಡಿದೆ. ಅವಳು ಕಾಲೆಲ್ಲ ಒಳಗೆಳೆದುಕೊಂಡು ಬುಸ್ ಅಂದಳು. ಅದು ಪಾಚಿಯಲ್ಲ, ಚಿಪ್ಪಿನ ಹಳೇ ಪದರ. ಬೆಳೆಯುವ ಆಮೆಗೆ ಅದು ತಾನಾಗಿ ಕಳಚುತ್ತದೆ, ಕೀಳಬಾರದು. ಚಿಪ್ಪು ಮೆತ್ತಗಿದ್ದರೆ, ನಾತ ಬಂದರೆ, ಗುಳಿ ಬಿದ್ದಿದ್ದರೆ ಅದು ಬೇರೆ ಕಥೆ, ಪಶುವೈದ್ಯರಿಗೆ ತೋರಿಸಬೇಕು.

ಮನಿ ಪ್ಲಾಂಟಿನ ಮೂರು ಕಡ್ಡಿಗಳನ್ನು ಬೇರು ಮಾತ್ರ ನೀರಿಗಿಳಿಯುವಂತೆ ಟ್ಯಾಂಕಿನ ಅಂಚಿಗೆ ಕಟ್ಟಿದೆ. ಬೇರು ನೈಟ್ರೇಟ್ ಹೀರಿಕೊಳ್ಳುತ್ತದೆ. ಮರುದಿನ ಬೇರು ಇರಲಿಲ್ಲ. ಕತ್ತರಿಸಿದ ಹಾಗೆ ನೀಟಾಗಿ ತಿಂದಿದ್ದಳು. ಈ ಗಿಡದ ರಸ ಬಾಯಿಗೆ ಉರಿ, ಆದ್ದರಿಂದ ಇದು ನನ್ನ ತಪ್ಪು. ಎರಡನೇ ಸಲ ಸಣ್ಣ ತೂತಿನ ಪ್ಲಾಸ್ಟಿಕ್ ಬುಟ್ಟಿಯೊಳಗೆ ಬೇರಿಟ್ಟು, ಬುಟ್ಟಿಯನ್ನು ಜಿಪ್ ಟೈ ಹಾಕಿ ಮೂಲೆಗೆ ಬಿಗಿದೆ. ಎಲೆಗಳು ಅವಳ ಕತ್ತಿಗೆ ಎಟುಕದಷ್ಟು ಮೇಲೆ. ಈಗ ಹೊಸ ಬೇರು ಬಂದಿದೆ. ತೂತಿನಿಂದ ಹೊರಗೆ ಇಣುಕಿದ ಬೇರನ್ನು ಅವಳಿಗಿಂತ ಮೊದಲು ನಾನೇ ಕತ್ತರಿಸುತ್ತೇನೆ.

ದಿನ 72

ಮುಚ್ಚಳ ತಳದವರೆಗೂ ಕಾಣುತ್ತದೆ. ನೈಟ್ರೇಟ್ 20. ವಾರಕ್ಕೊಮ್ಮೆ 4 ಬಕೆಟ್ ನೀರು ಬದಲು, ಅದರ ಜೊತೆಗೇ ಪೈಪಿನ ಬಾಯಿಯ ಸ್ಪಂಜು. ಎದುರಿನ ಗಾಜಿಗೆ ಒಂದು ಸಲ ಕಾರ್ಡು ಎಳೆಯುವುದು. ಎಲ್ಲಾ ಸೇರಿ ಮುಕ್ಕಾಲು ಗಂಟೆ. ಹಿಂದಿನ ಗಾಜಿನ ಮೇಲೆ ಒಂದಿಷ್ಟು ತೆಳು ಪಾಚಿ ಬಿಟ್ಟಿದ್ದೇನೆ. ಬೇಜಾರಾದಾಗ ಗುಂಡಮ್ಮ ಅದನ್ನು ಕೆರೆದು ತಿನ್ನುತ್ತಾಳೆ.

ಕಳೆದ ವಾರದಿಂದ ಫಿಲ್ಟರ್ ನೀರು ಬೀಳುವ ಮೂಲೆಯಲ್ಲಿ ಕಂದು ಪುಡಿಯಂಥ ಪೊರೆ ಶುರುವಾಗಿದೆ. ಬೆರಳಿಂದ ಒರೆಸಿದರೆ ಹೋಗುತ್ತದೆ, ಮೂರು ದಿನಕ್ಕೆ ಮತ್ತೆ ಬರುತ್ತದೆ. ಬೆಳಕು ಕಡಿಮೆ ಇರುವ ಕಡೆ ಬರುವ ಡಯಾಟಮ್ ಅನ್ನುವ ಕಂದು ಪಾಚಿ ಅದು. ಟೈಮರ್ ಮುಟ್ಟಬೇಕು ಅಂತ ಕೈ ಕಡಿಯುತ್ತಿದೆ. ಇನ್ನೂ ಎರಡು ವಾರ ಏನೂ ಬದಲಿಸದೆ ಬರೀ ಒರೆಸಿ, ಬರೆದಿಡುತ್ತೇನೆ.